ಗಾಜಿನ ಮೇಲಿನ ಕುಂಕುಮ

ಬೆಳಿಗ್ಗೆ ಎದ್ದಾಗಿನಿಂದ ಮುನೀಂದ್ರನಿಗೆ ಯಾರ ಮುಖ ಕಂಡರೂ ಆಗುತ್ತಿರಲಿಲ್ಲ. ಹಲಸೂರಿನ ಓಣಿಯ ತಿರುವಿನಲ್ಲಿ ಹಾಲಿನ ವ್ಯಾನು ಅಡ್ಡ ನಿಲ್ಲಿಸಿ ಬೀಡಿ ಹಚ್ಚುತ್ತಿದ್ದವನ ಮುಖ, ಇಂದಿರಾನಗರದ ಸಿಗ್ನಲ್ಲಿನಲ್ಲಿ ಮಡಿಲಲ್ಲಿದ್ದ ನಾಯಿಗೆ ಗಾಳಿ ಬರಲೆಂದು ಕಾರಿನ ಗಾಜು ಇಳಿಸಿದ ಹೆಂಗಸಿನ ಮುಖ, ಸಿ.ವಿ. ರಾಮನ್ ನಗರದ ಟೆಕ್ ಪಾರ್ಕಿನ ಕಡೆ ಕೊರಳಿಗೆ ಐಡಿ ಕಾರ್ಡು ತೂಗಿಹಾಕಿಕೊಂಡು ನಡೆಯುತ್ತಿದ್ದವರ ತೊಳೆದಿಟ್ಟಂಥ ಮುಖಗಳು. ಕೊನೆಗೆ, ಎಲ್ಲದರ ಮೇಲೆ ಕಳಸವಿಟ್ಟ ಹಾಗೆ, ಕಾಲೇಜಿನ ಗೇಟಿನಲ್ಲಿ ಕಾಂಪೌಂಡಿಗಿಂತ ಎತ್ತರದ ಫ್ಲೆಕ್ಸು. ಅದರ ಮೂಲೆಯಲ್ಲಿ ಅವನ ದೊಡ್ಡಪ್ಪ, ಕಾಲೇಜಿನ ಸಂಸ್ಥಾಪಕ ಮುನಿನಾರಾಯಣಪ್ಪ, ಒಂದು ತಟ್ಟೆಯಷ್ಟಗಲ. ಉಳಿದ ಜಾಗದ ತುಂಬ ದೊಡ್ಡಪ್ಪನ ಮಗ, ಕಾರ್ಯದರ್ಶಿ ಮುನಿರಾಜ್, ಕೂಲಿಂಗ್ ಗ್ಲಾಸ್ ಹಾಕಿ ಕೈ ಮುಗಿದುಕೊಂಡು. 'ನೂತನ ಕಂಪ್ಯೂಟರ್ ಪ್ರಯೋಗಾಲಯದ ಉದ್ಘಾಟನೆ.' ನೂತನವಂತೆ! ಯಂತ್ರಗಳು ಬಂದು ಎರಡು ವರ್ಷವಾಯಿತು. ಹೊಸದಾಗಿ ಬಂದಿದ್ದು ಕುರ್ಚಿ, ಏಸಿ, ಕಿಟಕಿಗೊಂದು ನೇರಳೆ ಪರದೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುತ್ತಾನೆ ಅನ್ನುತ್ತಾರೆ, ಇವನಾದರೆ ಆ ಕೊಡೆಯ ಮೇಲೂ ತನ್ನ ಫೋಟೋ ಅಚ್ಚು ಹಾಕಿಸುತ್ತಾನೆ ಎಂದುಕೊಂಡು ಮುನೀಂದ್ರ ಬೈಕನ್ನು ಫ್ಲೆಕ್ಸಿನ ಬುಡದಲ್ಲಿ, ಸರಿಯಾಗಿ ಮುನಿರಾಜನ ಪಾದದ ಹತ್ತಿರ ನಿಲ್ಲಿಸಿದ. ಮನೆಯ ಕಡೆ ಸಿಕ್ಕರೆ ಮುನಿರಾಜ್ ಅವನಿಗೆ ಅಣ್ಣ. ಈ ಗೇಟಿನಿಂದ ಒಳಕ್ಕೆ ಸರ್. ಗೇಟು ದಾಟುವಾಗ ನಾಲಿಗೆ ತಾನಾಗಿಯೇ ಬದಲಾಗುವುದನ್ನು ಮುನೀಂದ್ರ ಎಷ್ಟೋ ಸಲ ಗಮನಿಸಿ ತನ್ನ ಬಗ್ಗೆಯೇ ಹೇಸಿಕೊಂಡಿದ್ದ. ಆದರೂ ಅದು ಬದಲಾಗುತ್ತಿತ್ತು.

ನಿಜವಾಗಿ ಈ ಕಟ್ಟಡದಲ್ಲಿ ಹೊಸದು ಅಂತ ಏನಾದರೂ ಇದ್ದರೆ ಅದು ಲ್ಯಾಬಿನ ಹಿಂದೆ, ಮೊದಲು ಪೊರಕೆ ಬಕೆಟ್ಟು ಇಡುತ್ತಿದ್ದ ಕೋಣೆಯಲ್ಲಿತ್ತು. ಅಲ್ಲಿ ಮುನೀಂದ್ರನ ಸರ್ವರ್ ಇತ್ತು. ಹೊರಗಿನ ಅರವತ್ತು ಕಂಪ್ಯೂಟರುಗಳಲ್ಲಿ ಒಂದಕ್ಕೂ ಸ್ವಂತ ಡಿಸ್ಕ್ ಇಲ್ಲ. ಸ್ವಿಚ್ ಹಾಕಿದರೆ ಅವಕ್ಕೆ ತಾವು ಯಾರೆಂದೇ ಗೊತ್ತಿರುವುದಿಲ್ಲ. ಕೇಬಲ್ಲಿನ ಮೇಲೆ ಒಂದು ಕೂಗು ಹಾಕುತ್ತವೆ: ಯಾರಾದರೂ ಇದ್ದೀರಾ, ನಾನು ಯಾರು ಹೇಳಿ. ಒಳಗಿನಿಂದ ಸರ್ವರ್ ಉತ್ತರ ಕೊಡುತ್ತದೆ: ನೀನು ಹದಿನೇಳನೆಯವನು, ಇಗೋ ನಿನ್ನ ವಿಳಾಸ, ಇಗೋ ನಿನ್ನ ಮೆನು, ಇವತ್ತು ನೀನು ಮಾಡಬೇಕಾದದ್ದು ಇದು. ಸಂಜೆ ಆರಿಸಿದರೆ ಎಲ್ಲ ಮರೆತು ಮತ್ತೆ ಬೋಳು. ಮೊದಲೆಲ್ಲ ಪರೀಕ್ಷೆ ಬಂತೆಂದರೆ ಪೆನ್‌ಡ್ರೈವ್ ಹಿಡಿದುಕೊಂಡು ಮೇಜಿನಿಂದ ಮೇಜಿಗೆ ಭಿಕ್ಷೆಗೆ ಹೊರಟವನ ಹಾಗೆ ತಿರುಗಬೇಕಾಗಿತ್ತು. ಈಗ ಕೋಣೆಯಲ್ಲಿ ಕೂತು ಒಂದು ಸಾಲು ಬದಲಿಸಿದರೆ ಅರವತ್ತೂ ಬದಲಾಗುತ್ತವೆ. ಪುಕ್ಕಟೆ ಸಿಗುವ ತಂತ್ರಾಂಶವೇ, ಇಲ್ಲವೆನ್ನುವುದಿಲ್ಲ. ಆದರೆ ಅದನ್ನು ಬಿಚ್ಚಿ, ಬೇಡದ್ದನ್ನು ಕತ್ತರಿಸಿ, ಕನ್ನಡದಲ್ಲಿ ಮೆನು ಕೂರಿಸಿ, ಪರೀಕ್ಷೆಯ ದಿನ ಇಂಟರ್ನೆಟ್ ತಾನಾಗಿ ನಿಲ್ಲುವಂತೆ, ಕೆಟ್ಟ ಯಂತ್ರ ತಾನು ಕೆಟ್ಟಿದ್ದೇನೆಂದು ತಾನೇ ಬಂದು ಹೇಳುವಂತೆ ಹೊಂದಿಸಿದವನು ಅವನು. ಇದನ್ನು ಪ್ರಿನ್ಸಿಪಾಲ್ ಸಂಜೀವಪ್ಪನವರಿಗೆ ಬಿಡಿಸಿ ಹೇಳಿದಾಗ ಆ ಮಹಾನುಭಾವರು ಕನ್ನಡಕ ಒರೆಸಿಕೊಂಡು, "ಹಂಗಾದ್ರೆ ಅದ್ರೊಳಗಿನ ಡಿಸ್ಕೆಲ್ಲಾ ಯಾರ್ ತಗೊಂಡ್ ಹೋದ್ರು?" ಎಂದು ಕೇಳಿದ್ದರು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ. ಮುನಿರಾಜನಂತೂ ಕೇಳುವ ಗೋಜಿಗೇ ಹೋಗಲಿಲ್ಲ. ಕಳೆದ ವಾರ ಬಾಗಿಲಲ್ಲೇ ನಿಂತು, ಫೋನಿನಿಂದ ಕಣ್ಣೆತ್ತದೆ ಹೇಳಿದ್ದ: "ಗುರು, ಆನ್ ಮಾಡಿದ ತಕ್ಷಣ ಅದೇನೋ ಕಪ್ಪು ಸ್ಕ್ರೀನ್ ಬರುತ್ತಲ್ಲ, ಸೂತಕದ್ ಮನೆ ಥರ. ಅಲ್ಲಿ ಅಪ್ಪಾಜಿ ಫೋಟೋ ಬರೋ ಹಂಗೆ ಮಾಡು. ದೊಡ್ಡದಾಗ್ ಬರ್ಬೇಕು. ಅಪ್ಪಾಜಿ ಬಟನ್ ಒತ್ತಿದ್ ತಕ್ಷಣ ಎಲ್ಲಾದ್ರಲ್ಲೂ ಒಟ್ಟಿಗೆ." ಆಗಲಿ ಸರ್, ಎಂದಿತ್ತು ನಾಲಿಗೆ.

ಬೇಕೆಂದೇ ಆ ಕೆಲಸವನ್ನು ಅವನು ನಿನ್ನೆ ಸಂಜೆಯವರೆಗೂ ಮುಟ್ಟಿರಲಿಲ್ಲ. ಅಷ್ಟು ಕಷ್ಟಪಟ್ಟು ಕಟ್ಟಿದ್ದರ ಹಣೆಗೆ ಇಂಥದ್ದೊಂದು ಬಳಿಯಬೇಕಲ್ಲ ಎಂಬ ಉರಿ. ಕೊನೆಗೆ ಲ್ಯಾಬಿನ ಇನ್ನೊಬ್ಬ ಟೀಚರ್ ಲೈಬಾಳ ತಲೆಗೆ ಕಟ್ಟಿದ. ಲೈಬಾ ಶಿವಾಜಿನಗರದಿಂದ ಬರುವವಳು, ಎರಡು ಮಕ್ಕಳ ತಾಯಿ. ಗಂಡ ಅಫ್ಜಲ್‌ಗೆ ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ಬಟ್ಟೆ ಅಂಗಡಿ. ಈ ವರ್ಷ ಕಾಯಂ ಮಾಡುತ್ತೇವೆಂದು ಹೇಳಿ ಹೇಳಿ ಮೂರು ವರ್ಷದಿಂದ ಅವಳನ್ನು ದುಡಿಸಿಕೊಳ್ಳುತ್ತಿದ್ದರು. ಅವಳು ಅದನ್ನು ಪ್ರತಿ ವರ್ಷವೂ ನಂಬುತ್ತಿದ್ದಳು, ಅದಕ್ಕೇ ಮುನೀಂದ್ರನಿಗೆ ಅವಳನ್ನು ಕಂಡರೂ ಸ್ವಲ್ಪ ತಾತ್ಸಾರ. "ಸರ್, ಫೌಂಡರ್ ಸರ್ ಫೋಟೋ ಯಾವ್ದು ಹಾಕ್ಲಿ?" ಎಂದಾಗ ಅವನು ಮೇಜಿನಡಿ ಕೇಬಲ್ಲಿನ ಗಂಟಿನಲ್ಲಿದ್ದ. ತನ್ನ ಫೋನನ್ನೇ ಮೇಲಕ್ಕೆ ಚಾಚಿ, "ಇದ್ರಲ್ಲೆಲ್ಲೋ ಇದೆ ನೋಡಿ ಮೇಡಂ. ಪೇಟ ಕಟ್ಕೊಂಡು ಕುರ್ಚೀಲಿ ಕೂತಿರೋದು. ಪ್ರಿನ್ಸಿಪಾಲ್ ರೂಮಲ್ಲಿ ತೂಗಾಕಿದಾರಲ್ಲ, ಅದೇ" ಎಂದ. ಅವಳು ಹುಡುಕಿದಳು, ಕತ್ತರಿಸಿದಳು, ಒಂದು ಯಂತ್ರಕ್ಕೆ ಹಾಕಿ ಕರೆದಳು. "ಹಾರ ಇರೋದೇ ಸಿಕ್ತು ಸರ್. ಯಾವ್ದೋ ಸನ್ಮಾನದ್ದು ಅನ್ಸತ್ತೆ. ಓಕೇನಾ?" ಅವನು ಎದ್ದು, ಮಂಡಿಯ ಧೂಳು ಕೊಡವಿ, ಪರದೆಯ ಎದುರು ನಿಂತು ನೋಡಿದ. ಕಣ್ಣು ಬಿಟ್ಟುಕೊಂಡೇ ನೋಡಿದ. "ಆ ಮೀಸೆ ನೋಡಿ ಮೇಡಂ. ಯಾರ್ದೋ ಹೊಲದಲ್ಲಿ ನಿಂತ್ಕೊಂಡು ನಂದೇ ಅನ್ನೋ ಮೂತಿ. ಹಾಕಿ, ಹಾಕಿ, ಇನ್ಮೇಲೆ ದಿನಾ ಬೆಳಿಗ್ಗೆ ಇದರ ದರ್ಶನ ನಮ್ಮ ಹಣೇಲಿ ಬರೆದಿದೆ." ಲೈಬಾಗೆ ನಗು ತಡೆಯಲಾಗಲಿಲ್ಲ. ಆಮೇಲೆ ನಕ್ಕಿದ್ದು ಅವನ ಸ್ವಂತ ದೊಡ್ಡಪ್ಪನನ್ನು ಕಂಡು ಎಂದು ನೆನಪಾಗಿ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡಳು.

ಈಗ ಬೆಳಿಗ್ಗೆ, ಯಾರೂ ಬರುವ ಮೊದಲು, ಒಂದು ಸಲ ಎಲ್ಲವನ್ನೂ ಎಬ್ಬಿಸಿ ನೋಡೋಣವೆಂದು ಮುನೀಂದ್ರ ಸರ್ವರಿನಿಂದ ಆಜ್ಞೆ ಕೊಟ್ಟು ಲ್ಯಾಬಿಗೆ ಬಂದು ನಿಂತ. ಫ್ಯಾನುಗಳು ಗುಂಯ್ ಎಂದವು. ಕಪ್ಪು ಪರದೆಗಳು ಒಂದು ಕ್ಷಣ ಹುಡುಕಾಡಿದವು, ಆಮೇಲೆ ಸಾಲು ಸಾಲಾಗಿ ಪೇಟದ ಮುಖ ಮೂಡಿತು. ಕೆಳಗೆ ಅವನೇ ಟೈಪು ಮಾಡಿದ ಅಕ್ಷರ: ಸಂಸ್ಥಾಪಕರು, ಶ್ರೀ ಮುನಿನಾರಾಯಣಪ್ಪನವರು. ಬಂತಲ್ಲ, ಸಾಕು ಎಂದು ತಿರುಗುತ್ತಿದ್ದವನಿಗೆ ಏನೋ ಸರಿಯಿಲ್ಲ ಅನ್ನಿಸಿತು. ಕುಂಕುಮ. ಹುಬ್ಬುಗಳ ನಡುವೆ ಇರಬೇಕಾದ ಕುಂಕುಮ ಎಡಗಣ್ಣಿನ ಹುಬ್ಬಿನ ಮೇಲೆ ಕೂತಿತ್ತು. ಯಾವ ಮನುಷ್ಯನೂ ಅಲ್ಲಿ ಕುಂಕುಮ ಇಟ್ಟುಕೊಳ್ಳುವುದಿಲ್ಲ. ಅದು ಹಣೆಯ ಮೇಲಿನ ಕುಂಕುಮವಲ್ಲ, ಗಾಜಿನ ಮೇಲಿನದು. ಪ್ರತಿ ಶುಕ್ರವಾರ ಅಮ್ಮ ಸ್ಟೂಲು ಹತ್ತಿ, ಬೇಡಮ್ಮ ಬೀಳ್ತೀಯ ಎಂದರೂ ಕೇಳದೆ, ತಾನು ಇಟ್ಟುಕೊಳ್ಳದ ಕುಂಕುಮವನ್ನು ಉಂಗುರದ ಬೆರಳಲ್ಲಿ ತೆಗೆದುಕೊಂಡು, ಒಂದು ಕಣ್ಣಿನ ಪೊರೆಯಿಂದಾಗಿ ಜಾಗ ತಪ್ಪಿ, ಯಾವಾಗಲೂ ಎಡಕ್ಕೇ ಒತ್ತುವ ಕುಂಕುಮ. ಹೆಗಲ ಮೇಲಿದ್ದದ್ದು ಸನ್ಮಾನದ ಹಾರವಲ್ಲ. ಫ್ರೇಮಿಗೆ ತೂಗುಹಾಕಿದ ಗಂಧದ ಚಕ್ಕೆಯ ಹಾರ. ಫ್ರೇಮನ್ನು ಕತ್ತರಿಸಿದ್ದರಿಂದ ಹೆಗಲ ಮೇಲೆ ಬಿದ್ದಂತೆ ಕಾಣುತ್ತಿತ್ತು. ಮುನಿರಾಜನ ಮದುವೆಯ ದಿನ ಫೋಟೋದವನು ಮನೆಯ ಹಿರಿಯ ಅಣ್ಣತಮ್ಮಂದಿರಿಬ್ಬರಿಗೂ ಒಂದೇ ಪೇಟ ಇಡಿಸಿ, ಒಂದೇ ಕುರ್ಚಿಯಲ್ಲಿ ಒಬ್ಬರಾದ ಮೇಲೆ ಒಬ್ಬರನ್ನು ಕೂರಿಸಿ ತೆಗೆದಿದ್ದ. ಅಣ್ಣನದು ಪ್ರಿನ್ಸಿಪಾಲರ ಕೋಣೆ ಸೇರಿತು. ತಮ್ಮನದು ಹಲಸೂರಿನ ಮನೆಯ ಗೋಡೆ. ಕಳೆದ ತಿಂಗಳು ತಿಥಿಯ ದಿನ, ಬರಲಾಗದ ಅಕ್ಕ ಪದ್ಮಶ್ರೀಗೆ ಬಾಣಸವಾಡಿಗೆ ಕಳಿಸಲೆಂದು ಅದನ್ನು ಫೋನಿನಲ್ಲಿ ತೆಗೆದಿದ್ದವನು ತಾನೇ. ಇದು ದೊಡ್ಡಪ್ಪನಲ್ಲ. ಅಪ್ಪ.

ಅವನಿಗೆ ಮೊದಲು ಬಂದದ್ದು ದುಃಖವಲ್ಲ, ನಾಚಿಕೆ. ಬೆತ್ತಲೆ ಸಿಕ್ಕಿಬಿದ್ದವನ ನಾಚಿಕೆ. ಅಷ್ಟು ಮುಖಗಳು ಅವನನ್ನೇ ನೋಡುತ್ತಿದ್ದವು, ಅಪ್ಪ ಬದುಕಿದ್ದಾಗ ನೋಡುತ್ತಿದ್ದ ಹಾಗೇ, ಏನನ್ನೂ ಕೇಳದೆ. ಯಾರದೋ ಹೊಲದಲ್ಲಿ ನಿಂತುಕೊಂಡು ನಂದೇ ಅನ್ನೋ ಮೂತಿ. ಥೂ! ಕುಂಕುಮ ಜಾಗದಲ್ಲೇ ಇದ್ದಿದ್ದರೆ ಇವತ್ತೂ ಗೊತ್ತಾಗುತ್ತಿರಲಿಲ್ಲವೇನೋ. ಒಂದು ಪರದೆಯ ಹತ್ತಿರ ಬಗ್ಗಿ, ಇಬ್ಬರಿಗೂ ವ್ಯತ್ಯಾಸವೆಲ್ಲಿ ಎಂದು ಹುಡುಕಿದ. ಕಿವಿಯೇ, ಗದ್ದವೇ, ಮೂಗಿನ ಹೊಳ್ಳೆಯೇ. ಸಿಗಲಿಲ್ಲ. ಹದಿನೆಂಟು ವರ್ಷದಿಂದ ಆ ಫೋಟೋದ ಕೆಳಗೇ ಕೂತು ಅವನು ಶೂ ಹಾಕಿಕೊಳ್ಳುತ್ತಿದ್ದ. ಫೋನಿನಲ್ಲಿ ತೆಗೆಯುವಾಗಲೂ ಗಾಜಿನ ಮೇಲೆ ಟ್ಯೂಬ್‌ಲೈಟ್ ಬಿದ್ದಿದೆಯೇ ಎಂದು ನೋಡಿದ್ದನೇ ಹೊರತು ಒಳಗಿನ ಮುಖವನ್ನು ನೋಡಿರಲಿಲ್ಲ.

ಬದಲಿಸುವುದು ಎಷ್ಟರ ಕೆಲಸ? ಪ್ರಿನ್ಸಿಪಾಲರ ಕೋಣೆಗೆ ಹೋಗಿ ದೊಡ್ಡಪ್ಪನ ಫೋಟೋ ಕ್ಲಿಕ್ಕಿಸಿಕೊಂಡು ಬಂದು ಸರ್ವರಿಗೆ ಹಾಕಿದರೆ ಮುಗಿಯಿತು. ಬೇಕಾದಷ್ಟು ಸಮಯವಿತ್ತು. ಕೋಣೆಗೆ ಹೋಗಿ ಕೀಬೋರ್ಡಿನ ಮುಂದೆ ಕೂತ ಕೂಡ. ಈ ಕೋಣೆಯ ಕೆಳಗೆ, ಈ ಲ್ಯಾಬಿನ ಕೆಳಗೆ, ಅಪ್ಪನ ರಾಗಿ ಹೊಲವಿತ್ತು. ಕಾಲೇಜು ಕಟ್ಟುತ್ತೇನೆಂದು ಅಣ್ಣ ಬಾಯಿಬಿಟ್ಟ ದಿನವೇ ಅಪ್ಪ ತನ್ನ ಪಾಲನ್ನು ಬಿಟ್ಟುಕೊಟ್ಟು ಬಂದು ಜಗುಲಿಯಲ್ಲಿ ಕೂತು ಕಾಲು ನೀವಿಕೊಳ್ಳುತ್ತ, "ಅಣ್ಣ ಕಟ್ಟಿದ್ರೆ ನಾನ್ ಕಟ್ಟಿದಂಗೇ ಅಲ್ವೇನೋ. ಯಾರ್ ಹೆಸ್ರಿದ್ರೇನು" ಎಂದಿದ್ದ. ಆಗ ಮುನೀಂದ್ರನಿಗೆ ಇಪ್ಪತ್ತು. ಇಂಥ ಮಣ್ಣಿನ ಮುದ್ದೆಗೆ ಹುಟ್ಟಿದೆನಲ್ಲ ಎಂದು ಊಟ ಬಿಟ್ಟು ಎದ್ದುಹೋಗಿದ್ದ. ಮುಂದೆ ಆ ಮಣ್ಣಿನ ಮುದ್ದೆ ಸತ್ತಿತು, ಫೋಟೋ ಗೋಡೆಗೇರಿತು, ದೊಡ್ಡಪ್ಪ ಹನ್ನೊಂದನೆಯ ದಿನ ಬಂದು 'ಓದಿದೀಯಲ್ಲ, ಕಾಲೇಜಿಗೆ ಬಾ' ಎಂದಾಗ ಇವನು ಬಾಲ ಅಲ್ಲಾಡಿಸಿಕೊಂಡು ಬಂದ. ಬಂದು, ಇಷ್ಟು ವರ್ಷವೂ ಈ ಮನೆತನವನ್ನು ಮನಸ್ಸಿನಲ್ಲೇ ಬೈದುಕೊಂಡು ಅವರದೇ ಕಾಫಿ ಕುಡಿದ. ಕೀಬೋರ್ಡಿನ ಮೇಲಿಟ್ಟ ಬೆರಳು ಅಲ್ಲೇ ನಿಂತಿತು. ಯಾಕೆ ಬದಲಿಸಬೇಕು? ಅವನ ಹೊಲದಲ್ಲಿ ಅವನ ಮುಖ ಇರಲಿ. ಇವತ್ತು ಮುನಿರಾಜ್, ಸಂಜೀವಪ್ಪ, ಎಲ್ಲರೂ ಬಂದು ಗೊತ್ತಿಲ್ಲದೆ ನನ್ನಪ್ಪನಿಗೆ ಕೈ ಮುಗಿಯಲಿ. ತಮ್ಮಪ್ಪನ ಮುಖ ಯಾವುದೆಂದು ಗೊತ್ತಿಲ್ಲದ ಈ ಬೆಪ್ಪುಗಳು ಚಪ್ಪಾಳೆ ತಟ್ಟುವುದನ್ನು ನಾನು ಮೂಲೆಯಲ್ಲಿ ನಿಂತು ನೋಡುತ್ತೇನೆ. ಹೀಗೆಂದುಕೊಂಡಾಗ ಎದೆ ಹಗುರಾಯಿತು. ಇದು ಅಪ್ಪನ ಮೇಲಿನ ಪ್ರೀತಿ ಎಂದು ತನಗೆ ತಾನೇ ಹೇಳಿಕೊಂಡ. ಪ್ರೀತಿಗೆ ಇಷ್ಟು ಖಾರ ಇರುವುದಿಲ್ಲ ಎಂಬುದು ಒಳಗೊಳಗೆ ಗೊತ್ತಿತ್ತು. ಎದ್ದು ಬಾಗಿಲು ಎಳೆದುಕೊಂಡ.

ಲೈಬಾ ಶಿವಾಜಿನಗರದ ಮಾರ್ಕೆಟ್ಟಿನಿಂದ ಎರಡು ಚೀಲ ಹೂವು ಹೊತ್ತು ಬಂದಳು. ಆಟೋದಲ್ಲಿ ಹಿಂಡಿಹೋಗದ ಹಾಗೆ ಮಡಿಲಲ್ಲಿ ಇಟ್ಟುಕೊಂಡು ಬಂದೆ ಎಂದಳು. ಪುರೋಹಿತರು ಬಂದು ಸಿಕ್ಕಸಿಕ್ಕ ಮಾನಿಟರಿಗೆಲ್ಲ ಅರಿಶಿನ ಕುಂಕುಮ ಹಚ್ಚುತ್ತ ಹಿಂದಿನ ಕೋಣೆಗೂ ಕಾಲಿಟ್ಟು ಸರ್ವರಿನ ಜಾಲರಿಯ ಹತ್ತಿರ ಬೆರಳು ತಂದರು. ಮುನೀಂದ್ರ ಅವರ ಕೈ ಹಿಡಿದುಬಿಟ್ಟ. "ಬೇಡಿ ಸ್ವಾಮಿ. ಪುಡಿ ಫ್ಯಾನಿಗ್ ಹೋಗತ್ತೆ, ಕೆಟ್ಟೋಗತ್ತೆ." "ದೇವರ ಕುಂಕುಮದಿಂದ ಕೆಟ್ಟಿದ್ದನ್ನ ನಾನೆಲ್ಲೂ ಕಂಡಿಲ್ಲಪ್ಪ" ಎಂದು ಅವರು ಗೊಣಗಿಕೊಂಡು ಬಾಗಿಲ ಚೌಕಟ್ಟಿಗೆ ಒರೆಸಿ ಹೋದರು. ಲೈಬಾ ಸರ ಕಟ್ಟುತ್ತ ಮತ್ತೊಮ್ಮೆ ಕೇಳಿದಳು, ಎಲ್ಲವನ್ನೂ ಎರಡು ಸಲ ಕೇಳುವುದು ಅವಳ ರೂಢಿ: "ಸರ್, ಎಲ್ಲಾ ಒಂದ್ಸಲ ಚೆಕ್ ಮಾಡಿದ್ರಲ್ವಾ? ಫೋಟೋ ಎಲ್ಲಾ ಓಕೇನಾ?" ಅವಳ ಮುಖ ನೋಡದೆ, "ಓಕೆ ಮೇಡಂ" ಎಂದ.

ದೊಡ್ಡಪ್ಪ ಬಂದರು. ಎಂಬತ್ತು ದಾಟಿದ ಮೈ, ಇಸ್ತ್ರಿ ಮಾಡಿದ ಬಿಳಿ ಪಂಚೆ, ಕೈಯಲ್ಲಿ ಕೋಲು. ಹಿಂದೆ ಮುನಿರಾಜ್, ಅವನ ಮಗಳು ನಿಖಿತಾ, ಸಂಜೀವಪ್ಪ, ಕ್ಯಾಮೆರಾದವನು, ಮೇಷ್ಟ್ರುಗಳ ಹಿಂಡು. ಯಾರೋ ದೊಡ್ಡಪ್ಪನ ಬೆರಳು ಹಿಡಿದು ಗುಂಡಿಯ ಮೇಲಿಟ್ಟರು. ಪರದೆಗಳು ಕಪ್ಪಾದವು, ಹುಡುಕಿದವು, ಬೆಳಗಿದವು. ಸಾಲು ಸಾಲಾಗಿ ಅಪ್ಪ ಬಂದ. ಚಪ್ಪಾಳೆಯೋ ಚಪ್ಪಾಳೆ! ಸಂಜೀವಪ್ಪನವರು ಎರಡೂ ಕೈ ಜೋಡಿಸಿ, ಬೆನ್ನು ಬಾಗಿಸಿ ಪರದೆಗೆ ನಮಸ್ಕಾರ ಹಾಕಿದರು. ಬದುಕಿದ್ದಾಗ ಇದೇ ಗೇಟಿನಲ್ಲಿ ಅಪ್ಪನನ್ನು ಯಾರು ಬೇಕಾಗಿತ್ತು ಎಂದು ಕೇಳಿ ನಿಲ್ಲಿಸಿದ್ದ ಮನುಷ್ಯ. ಮುನಿರಾಜ್ ಪರದೆಯೊಂದರ ಪಕ್ಕಕ್ಕೆ ಕೆನ್ನೆ ತಂದು ಸೆಲ್ಫಿ ತೆಗೆದುಕೊಂಡ, "ಸೂಪರ್ ಮಗಾ, ಸಖತ್ತಾಗಿ ಬಂದೈತೆ" ಎಂದು ಮುನೀಂದ್ರನ ಬೆನ್ನು ತಟ್ಟಿದ. ಮೂಲೆಯಲ್ಲಿ ನಿಂತಿದ್ದ ಮುನೀಂದ್ರನಿಗೆ ಒಳಗೆ ನಗು ಉಕ್ಕಿ ಉಕ್ಕಿ ಬಂತು. ಇಷ್ಟು ವರ್ಷದಲ್ಲಿ ಇಂಥ ಸುಖ ಅವನಿಗೆ ಸಿಕ್ಕಿರಲಿಲ್ಲ.

ಅಷ್ಟರಲ್ಲಿ ನಿಖಿತಾ, "ಡ್ಯಾಡಿ, ಒಂಥರಾ ಶ್ರದ್ಧಾಂಜಲಿ ಥರ ಇಲ್ವಾ ಇದು? ಫೋಟೋಗೆ ಹಾರ ಹಾಕಿದಾರೆ. ಅದ್ರ ಗ್ಲಾಸ್ ಮೇಲೆ ಕುಂಕುಮ ಬೇರೆ" ಎಂದಳು. ಮೆಲ್ಲಗೇ ಹೇಳಿದ್ದಳು, ಆದರೆ ಚಪ್ಪಾಳೆ ನಿಂತಿತ್ತು, ಎಲ್ಲರಿಗೂ ಕೇಳಿಸಿತು. ಒಬ್ಬೊಬ್ಬರಾಗಿ ಪರದೆಯತ್ತ ಬಗ್ಗಿದರು. ಗಂಧದ ಹಾರವೆಂದು ಒಬ್ಬ ಮೇಷ್ಟ್ರು ಪಿಸುಗುಟ್ಟಿದ. ಯಾರೋ ಹೆಂಗಸು "ಅಯ್ಯೋ ಶಿವನೇ" ಎಂದಳು. ಮುನಿರಾಜನ ಮುಖ ಕೆಂಪೇರಿತು. "ಯಾರ್ರೀ ಮಾಡಿದ್ದು ಇದನ್ನ? ಬದುಕಿರೋ ಮನುಷ್ಯಂಗೆ ಹಾರ ಹಾಕ್ತೀರೇನ್ರೀ? ಕಣ್ಣೇನ್ ಹೋಗಿತ್ತಾ? ಅದೂ ಶುಭಕಾರ್ಯದ್ ದಿನ!" ಅವನು ಹಾರವನ್ನೇ ನೋಡುತ್ತಿದ್ದ, ಹಾರದ ಮೇಲಿನ ಮುಖ ತನ್ನಪ್ಪನದಲ್ಲ ಎಂಬುದು ಆ ಸಿಟ್ಟಿನಲ್ಲೂ ಅವನಿಗೆ ಹೊಳೆಯಲಿಲ್ಲ. ಲೈಬಾ ಮುಂದೆ ಬಂದಳು. ಯಾರೂ ಅವಳ ಹೆಸರು ಹೇಳಿರಲಿಲ್ಲ, ತಾನಾಗಿಯೇ ಬಂದಳು. "ನಾನೇ ಸರ್... ಸನ್ಮಾನದ್ದು ಅನ್ಕೊಂಡ್ಬಿಟ್ಟೆ. ಸಾರಿ ಸರ್." "ಅನ್ಕೊಂಡ್ರಾ? ನಮ್ಮ ಪದ್ಧತಿ ನಿಮಗೇನ್ರೀ ಗೊತ್ತು, ಅನ್ಕೊಳೋಕೆ? ಸಂಜೀವಪ್ಪೋರೇ, ಇಂಥೋರ್ನೆಲ್ಲ ಯಾಕ್ರೀ ಇಟ್ಕೊಂಡಿದೀರ? ನಾಳೆಯಿಂದ ಬರೋದ್ ಬೇಡ ಅನ್ನಿ." ಸಂಜೀವಪ್ಪನವರು ಆಗಲೇ ತಲೆಯಾಡಿಸಿಯಾಗಿತ್ತು. ಲೈಬಾ ಮುನೀಂದ್ರನ ಕಡೆ ನೋಡಿದಳು. ಬೇಡಿಕೊಳ್ಳುವ ನೋಟವಲ್ಲ, ಈಗ ಇವರು ಹೇಳುತ್ತಾರೆ ಎಂದು ಕಾಯುವ ನೋಟ. ಹೇಳಬೇಕಾದ ಮಾತು ಅವನ ಗಂಟಲಲ್ಲಿ ಸಿದ್ಧವಿತ್ತು: ನಾನೇ ನೋಡಿ ಒಪ್ಪಿದ್ದು, ಅದು ನಿಮ್ಮಪ್ಪನಲ್ಲ, ನನ್ನಪ್ಪ. ಎಷ್ಟು ಸಣ್ಣ ಮಾತು. ಆದರೆ ಹೇಳಿದರೆ ಮುಂದಿನ ಪ್ರಶ್ನೆ ಬರುತ್ತದೆ. ನಿನ್ನಪ್ಪನ ಫೋಟೋ ನೀನೇ ಇಲ್ಲಿಗ್ಯಾಕೆ ಹಾಕಿಸಿದೆ ಎಂದು ಮುನಿರಾಜ್ ಕೇಳುತ್ತಾನೆ. ಬೇಕೆಂದೇ ಮಾಡಿದೆ ಎನ್ನುವ ಎದೆಗಾರಿಕೆ ಇಲ್ಲ. ಗುರುತು ಸಿಗಲಿಲ್ಲ ಎನ್ನುವುದಂತೂ ಸತ್ತರೂ ಸಾಧ್ಯವಿಲ್ಲ. ಅವನು ಲೈಬಾಳಿಂದ ಕಣ್ಣು ತಪ್ಪಿಸಿ, ಏಸಿಯ ತಣ್ಣನೆಯ ಗಾಳಿಗೆ ಹೊಯ್ದಾಡುತ್ತಿದ್ದ ಕಿಟಕಿಯ ನೇರಳೆ ಪರದೆಯನ್ನು ನೋಡುತ್ತ ನಿಂತ. ನಾಲಿಗೆ ಗೇಟಿನ ಒಳಗಿನದಾಗಿಯೇ ಉಳಿಯಿತು.

ಟಕ್ ಟಕ್ ಎಂದು ಕೋಲಿನ ಸದ್ದು. ದೊಡ್ಡಪ್ಪ ಹತ್ತಿರದ ಯಂತ್ರದ ಬಳಿಗೆ ನಡೆದು, ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ನೋಡಿದರು. ಅವರು ಬೆರಳನ್ನು ಪರದೆಯ ಮೇಲಿಟ್ಟು, ಕುಂಕುಮವಿದ್ದ ಜಾಗವನ್ನು ಒಂದು ಸಲ ಒರೆಸಿದರು. ಅದು ಹೋಗಲಿಲ್ಲ. ಬೆರಳನ್ನು ನೋಡಿಕೊಂಡು ಪಂಚೆಗೆ ಉಜ್ಜಿಕೊಂಡರು. "ಯಾಕೋ ಹಂಗ್ ಬಾಯ್ ಮಾಡ್ತೀಯ, ರಾಜ? ನಾನೇ ಕಣೋ ಇದು" ಎಂದರು.

"ನೀವೇ ಅಂತ ಗೊತ್ತಪ್ಪಾಜಿ. ಅದಕ್ಕೇ ಅಲ್ವಾ ನಾನ್ ಹೇಳ್ತಿರೋದು..."

"ಗೊತ್ತಲ್ಲ, ಆಯ್ತಲ್ಲ. ಈಗೇನು, ಹಾರ ಹಾಕ್ಬಿಟ್ರೆ ಸತ್ತೋಗ್ತೀನಾ? ಆ ಹೆಣ್ಮಗೂನ ಏನಾರ ಅಂದ್ರೆ ನೋಡು ಮತ್ತೆ. ಹೂವಿನ ಚೀಲ ಹೊತ್ಕೊಂಡ್ ಬಂದವ್ಳೆ ಬೆಳಗ್ಗೇನೆ. ಅವಳ ಕೆಲ್ಸದ್ ಸುದ್ದಿಗ್ ಬರ್ಬೇಡ."

"ಸರಿ, ಬೇರೆ ಫೋಟೋ ಹಾಕಿಸ್ತೀನಿ, ಒಂದೈದ್ ನಿಮಿಷ..."

"ಬ್ಯಾಡ. ಇದೇ ಇರ್ಲಿ. ಚೆನ್ನಾಗೈತೆ." ಆಮೇಲೆ, ಯಾರನ್ನೋ ಹುಡುಕುವಂತೆ ತಲೆಯೆತ್ತಿ, "ಮುನೀಂದ್ರ, ಹಾರ ಒಂದು ತೆಗ್ದುಬಿಡಪ್ಪ" ಎಂದರು.

ಕೋಣೆಯ ಬಾಗಿಲು ಹಾಕಿಕೊಂಡು ಮುನೀಂದ್ರ ಕೂತ. ಹೊರಗೆ ಎಲ್ಲರೂ ಕಾಯುತ್ತಿದ್ದರು, ಮುನಿರಾಜ್ ಯಾವುದೋ ಜೋಕು ಹೊಡೆದು ಗಾಳಿ ತಿಳಿಮಾಡುತ್ತಿದ್ದ. ಅಪ್ಪನ ಮುಖವನ್ನು ಪರದೆಯ ತುಂಬ ಹಿಗ್ಗಿಸಿದ. ಮೊದಲು ಕುಂಕುಮ. ಪಕ್ಕದ ಚರ್ಮದ ಬಣ್ಣವನ್ನು ತೆಗೆದು ಅದರ ಮೇಲೆ ಬಳಿದ, ಅಮ್ಮನ ಬೆರಳಿನ ಗುರುತು ಅಳಿಸಿಹೋಯಿತು. ಆಮೇಲೆ ಹಾರ. ಎಡದಿಂದ ಒಂದೊಂದೇ ಗಂಧದ ಚಕ್ಕೆ, ಅದರ ಕೆಳಗೆ ಕೋಟಿನ ಬಟ್ಟೆ, ಗುಂಡಿ. ಕೆಲಸ ಕೆಟ್ಟದಾಗಿ ಮಾಡುವುದು ಅವನಿಗೆ ಬರುತ್ತಿರಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತೇನೋ, ಎಲ್ಲೋ ಒಂದು ಚಕ್ಕೆ ಉಳಿದಿದ್ದರೆ. ಉಳಿಯಲಿಲ್ಲ. ಕೆಳಗಿನ ಹೆಸರು ಇದ್ದಂತೆಯೇ ಇತ್ತು. ಹಳೆಯ ಚಿತ್ರದ ಮೇಲೆ ಹೊಸದನ್ನು ಉಳಿಸಿದ, ಎಲ್ಲ ಯಂತ್ರಗಳಿಗೂ ಆಜ್ಞೆ ಕೊಟ್ಟ. ಬಾಗಿಲ ಸಂದಿನಿಂದ ನೋಡಿದ. ಪರದೆಗಳು ಕಪ್ಪಾಗಿ, ತಾವು ಯಾರೆಂದು ಕೇಳಿ, ಅವನು ಹೇಳಿದ್ದನ್ನು ನಂಬಿಕೊಂಡು ಬೆಳಗಿದವು. ಹಾರವಿಲ್ಲದ, ಕುಂಕುಮವಿಲ್ಲದ, ಬದುಕಿರುವ ಮನುಷ್ಯನ ಮುಖ. ಮುನಿನಾರಾಯಣಪ್ಪನವರು. ಮೊದಲಿಗಿಂತ ಜೋರಾಗಿ ಚಪ್ಪಾಳೆ ಬಿತ್ತು. ಇನ್ನು ಎಷ್ಟು ವರ್ಷ ಎಷ್ಟು ಮಕ್ಕಳು ಬಂದು ಸ್ವಿಚ್ ಹಾಕಿದರೂ ಅಪ್ಪ ಅಣ್ಣನ ಹೆಸರಿನಲ್ಲಿ ಎದ್ದು ಬಂದು ಅವರನ್ನು ನೋಡುತ್ತಾನೆ. ಯಾರ ಹೆಸರಿದ್ದರೇನು. ಕೊನೆಗೂ ಅಪ್ಪನ ಮಾತೇ ನಡೆಯಿತು, ಅದನ್ನು ನಡೆಸಿಕೊಟ್ಟವನು ಮಗ.

ಹಿಂದಿನ ಅಂಗಳದಿಂದ ಬಿಸಿಬೇಳೆ ಬಾತಿನ ಒಗ್ಗರಣೆಯ ವಾಸನೆ ಬಂದು ಜನ ಆ ಕಡೆ ಹರಿದರು. ಕೋಲಿನ ಸದ್ದು ಕೋಣೆಯ ಹತ್ತಿರ ಬಂತು. ಪೊರಕೆ ಇಡುತ್ತಿದ್ದ ಕೋಣೆಗೆ ದೊಡ್ಡಪ್ಪ ಇದುವರೆಗೆ ಬಂದವರಲ್ಲ. ಮುನೀಂದ್ರ ಎದ್ದು ನಿಂತ. ಅವರು ಒಳಗೆ ಬರಲಿಲ್ಲ, ಚೌಕಟ್ಟು ಹಿಡಿದು ನಿಂತು ಮಿಣುಕುವ ದೀಪಗಳನ್ನು ನೋಡಿದರು. ಈಗ ಬೈಯುತ್ತಾರೆ, ಬೈಯಲಿ ಎಂದು ಅವನು ಕಾದ. ಬೈದಿದ್ದರೆ ಹಗುರಾಗುತ್ತಿತ್ತು, ತಿರುಗಿ ನಾಲ್ಕು ಮಾತು ಆಡಲು ಬಾಯಿ ಬರುತ್ತಿತ್ತು.

"ನಿಮ್ಮಮ್ಮ ಇನ್ನೂ ಕುಂಕುಮಾನ ಎಡಕ್ಕೇ ಇಡ್ತಾಳೇನೋ?" ಎಂದು ದೊಡ್ಡಪ್ಪ ಕೇಳಿದರು.

"ಹೂಂ ದೊಡ್ಡಪ್ಪ."

"ಕಣ್ ಡಾಕ್ಟ್ರಿಗ್ ತೋರ್ಸು. ಸ್ಟೂಲ್ ಹತ್ತಿಸ್ಬೇಡ ಅವಳನ್ನ." ಇಷ್ಟೇ ಹೇಳಿ ತಿರುಗಿದರು. ಎರಡು ಹೆಜ್ಜೆ ಹೋಗಿ, ಒಂದು ಯಂತ್ರದ ಮುಂದೆ ಮತ್ತೆ ನಿಂತು, ಮಾತಾಡಿಸುವವರ ಹಾಗೆ ತಲೆಯಾಡಿಸಿ, ಊಟದ ಕಡೆಗೆ ನಡೆದರು.

ಆ ಮುದುಕನಿಗೆ ಒಂದೇ ನೋಟಕ್ಕೆ ಗೊತ್ತಾಗಿತ್ತು. ತಮ್ಮನನ್ನು ಉಳಿಸಿಕೊಳ್ಳಲು 'ನಾನೇ' ಅಂದರೋ, ತಮ್ಮನ ಹೊಲದ ಹಾಗೆ ಮುಖವನ್ನೂ ನುಂಗಿ ನೀರು ಕುಡಿದರೋ, ಮುನೀಂದ್ರನಿಗೆ ತೀರ್ಮಾನಿಸಲಾಗಲಿಲ್ಲ. ಬೈಯಲು ಹುಡುಕಿದರೆ ಬೈಗುಳ ಎಲ್ಲ ತನ್ನ ಕಡೆಗೇ ತಿರುಗುತ್ತಿತ್ತು. ಜೀವಮಾನವಿಡೀ ತಾನು ಹೀಗಳೆದ ಮನುಷ್ಯನಿಗೆ ಅಪ್ಪ ಗುರುತು ಸಿಕ್ಕಿದ್ದ. ತನಗೆ ಸಿಕ್ಕಿದ್ದು ಕುಂಕುಮ.

ಲೈಬಾ ಒಂದು ಪೇಪರ್ ತಟ್ಟೆಯಲ್ಲಿ ಊಟ ತಂದು ಕೀಬೋರ್ಡಿನ ಪಕ್ಕ ಇಟ್ಟಳು. ಅತ್ತಿದ್ದಳು, ಮುಖ ತೊಳೆದುಕೊಂಡು ಬಂದಿದ್ದಳು. "ತಣ್ಣಗಾಗತ್ತೆ ಸರ್, ತಿನ್ನಿ" ಎಂದಳು. ಹೋಗಲಿಲ್ಲ. ಬಾಗಿಲಲ್ಲೇ ನಿಂತು ದುಪಟ್ಟಾದ ತುದಿ ಸುತ್ತಿದಳು. "ಸರ್, ನಿನ್ನೆ ಸಂಜೆ ನಿಮಗೆ ತೋರ್ಸಿದ್ದೆ ಅಲ್ವಾ ನಾನು?"

"ತೋರ್ಸಿದ್ರಿ."

"ನೀವು ನೋಡಿದ್ರಿ ಅಲ್ವಾ ಸರ್?"

ಎರಡು ಸಲ ಕೇಳುವುದು ಅವಳ ರೂಢಿ. ಈ ಸಲ ಅವನಿಗೆ ಅದು ತಮಾಷೆಯಾಗಿ ಕಾಣಲಿಲ್ಲ. ತೆರೆದ ಬಾಗಿಲಿನಾಚೆ ಮೊದಲ ಸಾಲಿನ ಯಂತ್ರದಿಂದ ಪೇಟದ ಮುಖ ಇತ್ತಲೇ ನೋಡುತ್ತಿತ್ತು.

"ಇಲ್ಲ ಮೇಡಂ. ಅದು ನಮ್ಮಪ್ಪ. ನಾನೇ ನೋಡ್ಲಿಲ್ಲ."

ಲೈಬಾ ತಿರುಗಿ ಪರದೆಯನ್ನು ನೋಡಿದಳು, ಮತ್ತೆ ಅವನನ್ನು ನೋಡಿದಳು. ನಿನ್ನೆ ಇದೇ ಮುಖದ ಬಗ್ಗೆ ಅವನು ಆಡಿದ ಮಾತಿಗೆ ನಕ್ಕಿದ್ದವಳು ಇವತ್ತು ನಗಲಿಲ್ಲ.